ಕೂತಿದೆಯೋ, ಎದ್ದಿದೆಯೋ: ಕರುಳಿನ ಕಾಯಿಲೆಯ ತರಗತಿಯಲ್ಲಿ ಐದು ಶನಿವಾರ

ನಾನು ತೋರಿಸಿಕೊಳ್ಳುವ ಬೆಂಗಳೂರಿನ ಆಸ್ಪತ್ರೆಯಲ್ಲಿ ಕರುಳಿನ ಉರಿಯೂತದ ಕಾಯಿಲೆ ಇರುವವರಿಗೆಂದೇ ಒಂದು ಗುಂಪು ತರಗತಿ ನಡೆಸುತ್ತಾರೆ. ಒಟ್ಟು ಐದು ಶನಿವಾರ, ದಿನಕ್ಕೆ ಎರಡೂವರೆ ಗಂಟೆ. ನಾನು ಹೆಸರು ಬರೆಸಿದ್ದು ಜನವರಿಯಲ್ಲಿ, ಮೊದಲ ತರಗತಿ ಸಿಕ್ಕಿದ್ದು ಮೇ ತಿಂಗಳಲ್ಲಿ, ಐದನೆಯದು ಮುಗಿದದ್ದು ಹೋದ ವಾರ. ಡಾಕ್ಟರು ನಿಮಗೂ "ಒಂದು ಕ್ಲಾಸಿದೆ, ಸೇರ್ಕೊಳ್ಳಿ" ಅಂದಿದ್ದು, ಅಷ್ಟು ಜನರ ಎದುರಿಗೆ ಇದನ್ನೆಲ್ಲ ಹೇಗೆ ಮಾತಾಡೋದು ಎಂದು ನೀವು ಹಿಂಜರಿಯುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಾನೂ ಹಾಗೇ ಹಿಂಜರಿದು ಒಂದಿಡೀ ತಿಂಗಳು ಕಳೆದಿದ್ದೆ.

ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. 2019ರ ಮಳೆಗಾಲದಲ್ಲಿ ಮೊದಲ ಸಲ ಮಲದ ಜೊತೆ ರಕ್ತ ಕಂಡಿತು. ನಮ್ಮ ಕಡೆ ರಕ್ತ ಬಿತ್ತೆಂದರೆ ಮೂಲವ್ಯಾಧಿ, ಅಲ್ಲಿಗೆ ಮಾತು ಮುಗಿಯಿತು. ಮುಲಾಮು, ಮಜ್ಜಿಗೆ, ಮೂಲಂಗಿ ಪಲ್ಯ, ನೆಂಟರು ಹೇಳಿದ ಪುಡಿ ಎಂದು ಒಂದೂವರೆ ವರ್ಷ ಹೋಯಿತು. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುವಂತಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8 ಇತ್ತು. 2021ರಲ್ಲಿ ಬೆಂಗಳೂರಿನಲ್ಲಿ, ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಕರುಳು ನೋಡುವ ಕೊಲೊನೋಸ್ಕೋಪಿ ಮಾಡಿ, ಒಳಗಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿ, ಅಲ್ಸರೇಟಿವ್ ಕೊಲೈಟಿಸ್ ಎಂದರು. ದೊಡ್ಡ ಕರುಳಿನ ಒಳಪದರ ಕೆರಳಿ ಹುಣ್ಣಾಗುವ ಕಾಯಿಲೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರಕ್ತದ ಜೊತೆಗೆ ಆಮ, ಅಂದರೆ ಲೋಳೆ ಬೀಳುತ್ತಿದ್ದರೆ, ವಾರಗಟ್ಟಲೆ ಭೇದಿ ನಿಲ್ಲದಿದ್ದರೆ, ಅದಕ್ಕಿಂತ ಹೆಚ್ಚಾಗಿ ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ ಕಕ್ಕಸಿಗೆ ಕಳಿಸುತ್ತಿದ್ದರೆ, ಮೂಲವ್ಯಾಧಿ ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಕೂರಬೇಡಿ. ನನ್ನ ಒಂದೂವರೆ ವರ್ಷ ಹೋದದ್ದು ಆ ತೀರ್ಮಾನದಿಂದ.

ಮೆಸಲಮೈನ್ ಮಾತ್ರೆ ಕೊಟ್ಟರು. ಎಂಟು ತಿಂಗಳಲ್ಲಿ ರಕ್ತ ನಿಂತು ಮೈ ತುಂಬಿಕೊಂಡಿತು. ವಾಸಿಯಾದ ಮೇಲೂ ಮಾತ್ರೆ ಯಾಕೆ ಎಂದು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಎರಡು ವರ್ಷ ಏನೂ ಆಗಲಿಲ್ಲ. 2024ರ ದೀಪಾವಳಿ ಕಳೆಯುತ್ತಿದ್ದಂತೆ ಬೆನ್ನುನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ಒಂದು ವಾರ ನುಂಗಿದೆ. ಆಮೇಲಿನದು ಬರೆಯಲು ಈಗಲೂ ಕಷ್ಟ. ದಿನಕ್ಕೆ ಹನ್ನೆರಡು ಸಲ, ಪ್ರತಿ ಸಲವೂ ರಕ್ತ. ಒಂಬತ್ತನೇ ತರಗತಿಯ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದವಳು ಅರ್ಧಕ್ಕೇ ಪುಸ್ತಕ ಮುಚ್ಚಿ ಓಡಿದೆ, ತಲುಪಲಾಗಲಿಲ್ಲ. ಸೆರಗು ಸುತ್ತಿಕೊಂಡು ಹಿಂದಿನ ಗೇಟಿನಿಂದ ಮನೆಗೆ ಬಂದೆ. ಆರು ದಿನ ಆಸ್ಪತ್ರೆ, 68,000 ರೂಪಾಯಿ, ಕೈಗೆ ಸ್ಟಿರಾಯ್ಡ್ ಚೀಟಿ.

ಡಿಸ್ಚಾರ್ಜ್ ದಿನ ನನ್ನ ಹತ್ತಿರ ಎರಡು ಪುಟ ಪ್ರಶ್ನೆ ಇತ್ತು. ಡಾಕ್ಟರು ಅದನ್ನು ನೋಡಿ, "ಇದಕ್ಕೆಲ್ಲ ಓಪಿಡಿಯಲ್ಲಿ ಉತ್ತರ ಹೇಳೋಕೆ ನಂಗೆ ಸಮಯ ಸಾಲಲ್ಲ ಮೇಡಂ. ನಮ್ಮಲ್ಲಿ ಕ್ಲಾಸಿದೆ, ಬನ್ನಿ" ಎಂದರು. ಡಿಸೆಂಬರ್ ಪೂರ್ತಿ ನಾನು ಹೋಗಲಿಲ್ಲ. ಮನೆಯವರಿಗೇ ಸರಿಯಾಗಿ ಹೇಳಿರದಿದ್ದವಳು ಗುರುತಿಲ್ಲದವರ ಮುಂದೆ ಏನು ಹೇಳಲಿ?

ಜನವರಿಯಲ್ಲಿ ಮನಸ್ಸು ಗಟ್ಟಿಮಾಡಿ ಹೋದರೆ, ಹೆಸರು ಬರೆಸುವುದೇ ಒಂದು ಸಾಹಸವಾಯಿತು. ನೋಂದಣಿ ಕೌಂಟರಿನವರು "ಅಂಥದ್ದು ಯಾವುದೂ ಇಲ್ಲ" ಅಂದರು. ಪಕ್ಕದ ಕೌಂಟರಿನವರು ಡಯಟೀಷಿಯನ್ ಹತ್ತಿರ ಕಳಿಸಿದರು, ಅವರು ಎಂಡೋಸ್ಕೋಪಿ ವಿಭಾಗಕ್ಕೆ ಕಳಿಸಿದರು. ಮೂರು ಗಂಟೆ ಸುತ್ತಿದ ಮೇಲೆ ಗೊತ್ತಾದದ್ದು: ತರಗತಿಯ ಪಟ್ಟಿ ಇರುವುದು ಐಬಿಡಿ ನರ್ಸ್ ಹತ್ತಿರ. ಐಬಿಡಿ ಎಂದರೆ ಕರುಳಿನ ಉರಿಯೂತದ ಕಾಯಿಲೆಯೇ, ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಹೀಗೆ ಈ ಕಾಯಿಲೆಗೆಂದೇ ಒಬ್ಬ ನರ್ಸ್ ಇರುವ ಆಸ್ಪತ್ರೆಗಳಿವೆ. ಬೇರೆ ಯಾರನ್ನೂ ಕೇಳಬೇಡಿ, ನೇರವಾಗಿ "ಐಬಿಡಿ ನರ್ಸ್ ಯಾರು?" ಎಂದು ಕೇಳಿ.

ಅವರು ಕೇಳಿದ ಕಾಗದಗಳು: ಕೊಲೊನೋಸ್ಕೋಪಿ ವರದಿ, ಬಯಾಪ್ಸಿ ವರದಿ, ಮೂರು ತಿಂಗಳೊಳಗಿನ ರಕ್ತ ಪರೀಕ್ಷೆ, ಮಲದ ಕ್ಯಾಲ್ಪ್ರೊಟೆಕ್ಟಿನ್ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಬಯಾಪ್ಸಿ ವರದಿ ನನ್ನ ಬಳಿ ಇರಲಿಲ್ಲ. 2021ರಲ್ಲಿ ಅದನ್ನು ಮಾಡಿದ್ದು ಬೇರೆ ಲ್ಯಾಬು. ಅಲ್ಲಿಗೆ ಎರಡು ಸಲ ಅಲೆದೆ. ಒಂದು ದಿನ ಕಂಪ್ಯೂಟರ್ ಕೆಟ್ಟಿತ್ತು, ಇನ್ನೊಂದು ದಿನ ಹಳೆಯ ಬಿಲ್ ನಂಬರ್ ಇಲ್ಲದೆ ಕೊಡಲಾಗದು ಎಂದರು. ಹಳೇ ಬೀರುವಿನಲ್ಲಿ, ಮಗಳ ಅಂಕಪಟ್ಟಿಗಳ ನಡುವೆ ಆ ಬಿಲ್ಲು ಸಿಕ್ಕಿತು. ಈಗ ನನ್ನ ಎಲ್ಲ ವರದಿಗಳ ಫೋಟೋ ಮೊಬೈಲಿನಲ್ಲೂ ಇದೆ, ಮನೆಯವರ ಮೊಬೈಲಿನಲ್ಲೂ ಇದೆ. ನೀವೂ ಹಾಗೆ ಮಾಡಿ. ಬಯಾಪ್ಸಿ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಇರುತ್ತದೆ, ಮುಂದೆ ಬೇರೆ ಡಾಕ್ಟರಿಗೆ ತೋರಿಸಬೇಕಾದರೆ ಕೇಳಿ ಪಡೆಯಬಹುದು ಎಂಬುದೂ ಆಗಲೇ ತಿಳಿದದ್ದು.

ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆಗೆ ನಾನು ಕೊಟ್ಟದ್ದು 2,800 ರೂಪಾಯಿ. ಕರುಳಿನೊಳಗೆ ಉರಿಯೂತ ಎಷ್ಟಿದೆ ಎಂದು ಮಲದಿಂದಲೇ ಹೇಳುವ ಪರೀಕ್ಷೆ ಇದು. 50ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ, 250 ದಾಟಿದರೆ ಒಳಗೆ ಕಾಯಿಲೆ ಕೆರಳಿರುವ ಸಾಧ್ಯತೆ ಹೆಚ್ಚು. ನನ್ನದು ಆಗ 1,140 ಇತ್ತು. ದುಬಾರಿ ಅನ್ನಿಸಿತು, ನಿಜ. ಆದರೆ ಪ್ರತಿ ಸಲ ಕೊಲೊನೋಸ್ಕೋಪಿ ಮಾಡಿಸುವುದಕ್ಕೆ ಹೋಲಿಸಿದರೆ ಹಗುರ.

ಇಷ್ಟಾದ ಮೇಲೆ ಕಾಯುವುದು. ಒಂದು ತಂಡಕ್ಕೆ ಹದಿನೈದು ಜನ ಆಗಬೇಕು, ಆಗುವವರೆಗೂ ಶುರುಮಾಡುವುದಿಲ್ಲ. ಈ ನಾಲ್ಕು ತಿಂಗಳಲ್ಲಿ ಸ್ಟಿರಾಯ್ಡ್ ಮುಗಿಯಿತು. ಪ್ರೆಡ್ನಿಸೊಲೋನ್ 40 ಮಿಲಿಗ್ರಾಂನಿಂದ ಶುರು, ವಾರಕ್ಕೆ 5ರಂತೆ ಇಳಿಸಿ ನಿಲ್ಲಿಸಿದರು. ಮುಖ ಊದಿಕೊಂಡಿತು, ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಸುಮ್ಮಸುಮ್ಮನೆ ಮಗಳ ಮೇಲೆ ರೇಗುತ್ತಿದ್ದೆ. ಅದು ಮಾತ್ರೆಯಿಂದ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನನಗೂ ಅವಳಿಗೂ ಎಷ್ಟು ಅಳು ಉಳಿಯುತ್ತಿತ್ತು. ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಎಷ್ಟೇ ಬೇಸರವಾದರೂ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ.

ಮೊದಲ ಶನಿವಾರ ರೈಲಿನಲ್ಲಿ ಹೋದೆ. ಬಸ್ಸು ಬೇಗ ಸಿಗುತ್ತದೆ, ಆದರೆ ಬಸ್ಸಿನಲ್ಲಿ ಕಕ್ಕಸಿಲ್ಲ. ನಮ್ಮಂಥವರಿಗೆ ಪ್ರಯಾಣದ ಲೆಕ್ಕಾಚಾರವೆಲ್ಲ ಇದೊಂದರ ಮೇಲೇ. ಬೋಗಿಯ ತುದಿಯಲ್ಲಿ, ಬಾಗಿಲ ಹತ್ತಿರದ ಸೀಟು ಹಿಡಿಯುತ್ತೇನೆ. ಚೀಲದಲ್ಲಿ ಒಂದು ಜೊತೆ ಒಳಬಟ್ಟೆ, ಒದ್ದೆ ಟಿಶ್ಯೂ, ಎರಡು ಪ್ಲಾಸ್ಟಿಕ್ ಕವರ್, ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣ.

ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಚಿಕ್ಕ ಹಾಲ್. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಾಗಿಲಿಗೆ ಎದುರಾಗಿಯೇ ಶೌಚಾಲಯ. ನರ್ಸ್ ಹೇಳಿದ ಮೊದಲ ಮಾತು: "ಯಾರಿಗೆ ಯಾವಾಗ ಎದ್ದು ಹೋಗಬೇಕು ಅನ್ನಿಸಿದ್ರೂ ಹೋಗಿ. ಯಾರನ್ನೂ ಕೇಳೋದು ಬೇಡ, ಯಾರೂ ತಿರುಗಿ ನೋಡಲ್ಲ." ಅಷ್ಟು ಕೇಳಿ ನನ್ನ ಭುಜ ಸಡಿಲವಾದದ್ದು ನನಗೇ ಗೊತ್ತಾಯಿತು. ಆರು ವರ್ಷದಲ್ಲಿ ನಾನು ಹೋದ ಯಾವ ಮದುವೆ ಮನೆಯಲ್ಲೂ, ಸಭೆಯಲ್ಲೂ ಅಷ್ಟು ನಿರಾಳವಾಗಿ ಕೂತಿರಲಿಲ್ಲ.

ಹದಿನಾಲ್ಕು ಜನ ಬಂದಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಹುಡುಗ, ಹೊಸದಾಗಿ ಮದುವೆಯಾದ ಹುಡುಗಿ, ಹದಿನಾರರ ಮಗನನ್ನು ಕರೆತಂದ ತಾಯಿ, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ನನ್ನ ಪಕ್ಕದಲ್ಲಿ ಕನಕಪುರದ ಕಡೆಯ ರೈತರು, ಅರವತ್ತರ ಹತ್ತಿರದ ವಯಸ್ಸು, ರೇಷ್ಮೆ ಹುಳು ಸಾಕುವವರು. ಬಿಳಿ ಪಂಚೆ, ಮೊಣಕಾಲ ಮೇಲೆ ಔಷಧಿ ಅಂಗಡಿಯ ಕವರಿನಲ್ಲಿ ಮಡಿಸಿಟ್ಟ ಫೈಲು.

ಡಾಕ್ಟರು ಒಂದೂವರೆ ಮೀಟರ್ ಉದ್ದದ, ಗಿಡಕ್ಕೆ ನೀರು ಬಿಡುವ ಪೈಪ್ ತಂದಿದ್ದರು. ದೊಡ್ಡ ಕರುಳಿನ ಉದ್ದ ಹೆಚ್ಚುಕಡಿಮೆ ಇಷ್ಟೇ ಅಂತೆ. ಕೊಲೈಟಿಸ್ ಗುದದ್ವಾರದ ತುದಿಯಿಂದ ಶುರುವಾಗಿ ನಡುವೆ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತದೆ. ಕರುಳಿನ ಉರಿಯೂತದ ಇನ್ನೊಂದು ಬಗೆಯಾದ ಕ್ರೋನ್ಸ್ ಕಾಯಿಲೆಯಾದರೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಅಲ್ಲಲ್ಲಿ ತೇಪೆ ಹಾಕಿದಂತೆ, ಕರುಳಿನ ಗೋಡೆಯ ಆಳಕ್ಕೂ ಇಳಿದು ಬರುತ್ತದೆ. ಕೆಂಪು ಟೇಪು ಕೊಟ್ಟು, ನಿಮ್ಮ ವರದಿಯಲ್ಲಿ ಇರುವಷ್ಟು ಭಾಗಕ್ಕೆ ಸುತ್ತಿ ಎಂದರು. ನಾನು ತುದಿಯಿಂದ ಒಂದು ಮೊಳದಷ್ಟು ಸುತ್ತಿದೆ. ನಾಲ್ಕು ವರ್ಷದಿಂದ ವರದಿಯಲ್ಲಿದ್ದ ಆ ಇಂಗ್ಲಿಷ್ ಪದಗಳು ನನ್ನ ಮೈಯೊಳಗೆ ಎಲ್ಲಿವೆ ಎಂದು ಆವತ್ತು ಕಣ್ಣಾರೆ ಕಂಡೆ.

ಆದರೆ ತೊಂದರೆ ಬೇರೆಯೇ ಇತ್ತು. ತರಗತಿ ಪೂರ್ತಿ ಇಂಗ್ಲಿಷಿನಲ್ಲಿ. ಗುಂಪಿನಲ್ಲಿ ಹಿಂದಿ, ತಮಿಳು ಮಾತಾಡುವವರಿದ್ದರು, ಹಾಗಾಗಿ ಅದೊಂದೇ ಎಲ್ಲರಿಗೂ ಹೊಂದುವ ಭಾಷೆ ಎಂದು ಅವರು ಎಣಿಸಿದ್ದರು. ಪಕ್ಕದ ಯಜಮಾನರು ಪೈಪನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. "ಏನಂತವ್ರೆ ಟೀಚರಮ್ಮ?" ನಾನು ಮೆಲ್ಲಗೆ ಹೇಳಲು ಶುರುಮಾಡಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆ ತಾಯಿ ಮಗನೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ನರ್ಸ್ ನೋಡಿ, "ಮೇಡಂ, ಗಟ್ಟಿಯಾಗೇ ಹೇಳಿ, ಎಲ್ಲರಿಗೂ ಕೇಳಲಿ" ಎಂದರು.

ಆಗ ನನಗೆ ಬಾಯಿ ಕಟ್ಟಿತು. ಹದಿನೇಳು ವರ್ಷ ಕನ್ನಡ ಕಲಿಸಿದವಳು ನಾನು, ನನ್ನ ಕಾಯಿಲೆಯನ್ನು ಕನ್ನಡದಲ್ಲಿ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ಡಾಕ್ಟರ ಮುಂದೆ 'ಮೋಷನ್', 'ಲೂಸ್', 'ಬ್ಲಡ್' ಎಂದು ಇಂಗ್ಲಿಷಿನ ಮರೆಗೆ ನಿಲ್ಲುತ್ತಿದ್ದೆ, ಮನೆಯಲ್ಲಿ 'ಹೊಟ್ಟೆ ಸರಿಯಿಲ್ಲ' ಎನ್ನುತ್ತಿದ್ದೆ. ಆವತ್ತು ನರ್ಸ್ ಬ್ರಿಸ್ಟಲ್ ಚಾರ್ಟ್ ತೋರಿಸಿದರು. ಮಲವನ್ನು ಗಟ್ಟಿ ಉಂಡೆಯಿಂದ ಬರೀ ನೀರಿನವರೆಗೆ ಏಳು ಬಗೆಯಾಗಿ ವಿಂಗಡಿಸಿದ ಚಿತ್ರ. ನಿಮ್ಮದು ಎಷ್ಟನೆಯದು ಎಂದು ಕೇಳಿದಾಗ ಹಾಲ್ ಮೌನವಾಯಿತು. ಎಲ್ಲರೂ ತಲೆ ತಗ್ಗಿಸಿದರು. ಮೊದಲು ಮಾತಾಡಿದ್ದು ಯಜಮಾನರು. "ನಂದು ಆರು, ಒಂದೊಂದ್ ದಿವ್ಸ ಏಳು. ಆಮ ಬೀಳ್ತದೆ, ರಕ್ತನೂವೆ. ಬರಂಗಾಯ್ತದೆ, ಹೋಗಿ ಕೂತ್ರೆ ಬರೀ ತಿಣುಕೋದೇಯ, ಏನೂ ಬರಾಕಿಲ್ಲ." ಯಾವ ಮುಜುಗರವೂ ಇಲ್ಲದೆ, ಹೊಲದಲ್ಲಿ ಎಷ್ಟು ಮಳೆಯಾಯಿತು ಎಂದು ಹೇಳಿದಂತೆ ಹೇಳಿದರು. ಡಾಕ್ಟರು ಕನ್ನಡದವರೇ, "ಇದಕ್ಕಿಂತ ಚೆನ್ನಾಗಿ ಯಾರೂ ನಂಗೆ ಹೇಳಿಲ್ಲ ಯಜಮಾನ್ರೇ" ಎಂದರು. ಅದಾದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ನಾನೂ ಹೇಳಿದೆ.

ಎರಡನೇ ತರಗತಿ ಔಷಧಿಗಳದ್ದು. ನನ್ನ ಮಟ್ಟಿಗೆ ಐದರಲ್ಲಿ ಇದೇ ದೊಡ್ಡದು. ಮೆಸಲಮೈನ್ ಮಾತ್ರೆಯ ಮೇಲೆ ಲೇಪ ಇರುತ್ತದೆ, ಹೊಟ್ಟೆಯಲ್ಲಿ ಕರಗದೆ ಕರುಳಿಗೆ ತಲುಪಿ ಅಲ್ಲೇ ಕೆಲಸ ಮಾಡಲಿ ಎಂದು. ಹಾಗಾಗಿ ಅದನ್ನು ಜಗಿಯಬಾರದು, ಮುರಿಯಬಾರದು. ನುಂಗಲು ದಪ್ಪವೆಂದು ನಾನು ಎರಡು ತುಂಡು ಮಾಡಿ ನುಂಗುತ್ತಿದ್ದೆ! ಕಿಡ್ನಿ ಸರಿಯಿದೆಯೇ ಎಂದು ಆಗಾಗ ಕ್ರಿಯಾಟಿನಿನ್ ನೋಡಿಸಿಕೊಳ್ಳಬೇಕು. ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ನುಂಗುವವರು ಬಿಳಿ ರಕ್ತಕಣಗಳ ಎಣಿಕೆ ಮಾಡಿಸುತ್ತಲೇ ಇರಬೇಕು. ನಮ್ಮ ದೇಶದವರಲ್ಲಿ ಕೆಲವರ ಮೈಗೆ ಅದು ಒಗ್ಗುವುದಿಲ್ಲ, ಮೊದಲೇ ತಿಳಿಯಲು ಎನ್‌ಯುಡಿಟಿ15 ಎಂಬ ಜೀನ್ ಪರೀಕ್ಷೆ ಇದೆ. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಶುರುಮಾಡುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಮೈಯಲ್ಲಿ ಮಲಗಿದ್ದ ಕ್ಷಯ ಆ ಔಷಧಿಯಿಂದ ಏಳಬಹುದು. ಇನ್‌ಫ್ಲಿಕ್ಸಿಮ್ಯಾಬ್ ಆದರೆ ಮೊದಲ ಡೋಸ್, ಎರಡು ವಾರಕ್ಕೆ ಇನ್ನೊಂದು, ಆರನೇ ವಾರಕ್ಕೆ ಮತ್ತೊಂದು, ಆಮೇಲೆ ಎಂಟು ವಾರಕ್ಕೊಮ್ಮೆ. ನೋವಿನ ಮಾತ್ರೆಯ ವಿಷಯವೂ ಬಂತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಈ ಕಾಯಿಲೆಯನ್ನು ಕೆರಳಿಸಬಹುದು, ಜ್ವರ ನೋವಿಗೆ ಪ್ಯಾರಾಸಿಟಮಾಲ್ ವಾಸಿ ಎಂದರು. ದೀಪಾವಳಿಯ ಆ ಒಂದು ವಾರ ನೆನಪಾಗಿ ಎದೆ ಧಸಕ್ಕೆಂದಿತು.

ಎನಿಮಾ, ಅಂದರೆ ಗುದದ್ವಾರದಿಂದ ಒಳಗೆ ಬಿಡುವ ಔಷಧಿ, ಹಾಕಿಕೊಳ್ಳುವುದನ್ನು ನರ್ಸ್ ಒಂದು ದಿಂಬಿನ ಮೇಲೆ ತೋರಿಸಿಕೊಟ್ಟರು. ಡಿಸ್ಚಾರ್ಜ್ ಆದಾಗ ನನಗೆ ಬಾಟಲಿಗಳನ್ನು ಕೊಟ್ಟು "ರಾತ್ರಿ ಹಾಕ್ಕೊಳ್ಳಿ" ಅಂದಿದ್ದರು, ಹೇಗೆಂದು ಯಾರೂ ಹೇಳಿರಲಿಲ್ಲ. ನಾನು ಬಚ್ಚಲಲ್ಲಿ ನಿಂತು ಹಾಕಿಕೊಳ್ಳುತ್ತಿದ್ದೆ, ಅರ್ಧ ಔಷಧಿ ಕಾಲ ಮೇಲೆ ಹರಿಯುತ್ತಿತ್ತು. ಮಲಗುವ ಮುನ್ನ ಒಮ್ಮೆ ಕಕ್ಕಸಿಗೆ ಹೋಗಿ ಬಂದು, ಹಳೇ ಟವಲ್ ಹಾಸಿ, ಎಡ ಮಗ್ಗುಲಿಗೆ ಮಲಗಿ, ಬಲ ಮೊಣಕಾಲನ್ನು ಎದೆಯ ಕಡೆ ಮಡಿಸಿ, ಬಾಟಲಿ ಚೆನ್ನಾಗಿ ಅಲುಗಾಡಿಸಿ, ಮೂತಿಗೆ ಎಣ್ಣೆಯಂಥ ಜೆಲ್ ಸವರಿ, ನಿಧಾನವಾಗಿ ಹಿಂಡಬೇಕು. ಒಮ್ಮೆಲೇ ಹಿಂಡಿದರೆ ಕರುಳು ಮುನಿದು ಹೊರಗೆ ತಳ್ಳುತ್ತದೆ. ಎಡಕ್ಕೇ ಯಾಕೆಂದರೆ ಕರುಳಿನ ಕೊನೆಯ ಭಾಗ ಇಳಿಯುವುದು ಎಡಗಡೆಗೆ, ಔಷಧಿ ತಾನಾಗಿ ಅತ್ತ ಹರಿಯುತ್ತದೆ. ಬಟ್ಟೆಗೆ ಕಲೆ ಹತ್ತುತ್ತದೆ, ಒಳ್ಳೆಯ ಹಾಸಿಗೆ ಬೇಡ. ಆ ರಾತ್ರಿಯೇ ಹಾಗೆ ಮಾಡಿದೆ, ಬೆಳಗಿನವರೆಗೂ ಔಷಧಿ ಒಳಗೇ ನಿಂತಿತ್ತು.

ಅದೇ ತರಗತಿಯಲ್ಲಿ ಡಾಕ್ಟರು, ರೋಗ ಸುಮ್ಮನಿರುವ ಕಾಲದಲ್ಲೂ ಮಾತ್ರೆ ಬಿಡಬಾರದು ಎಂದು ಹೇಳುತ್ತಿದ್ದರು. ನಾನು 'ರಿಮಿಷನ್' ಎಂಬುದನ್ನು 'ಶಮನ' ಎಂದೆ. 'ಫ್ಲೇರ್' ಎಂಬುದನ್ನು 'ಉಲ್ಬಣ' ಎಂದೆ. ಯಜಮಾನರಿಗೆ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಹುಳ ಜ್ವರಕ್ಕೆ ಕೂತ್ಕತ್ತವೆ ನೋಡಿ ಟೀಚರಮ್ಮ. ತಲೆ ಎತ್ಕಂಡು ಹಂಗೇ ಕೂತಿರ್ತವೆ, ಸೊಪ್ಪು ಮುಟ್ಟಾಕಿಲ್ಲ, ಅಲ್ಲಾಡಾಕಿಲ್ಲ. ಗೊತ್ತಿಲ್ದೋರು ಸತ್ತೋಗವೆ ಅನ್ಕತ್ತಾರೆ. ಎದ್ದಾಗ ನೋಡ್ಬೇಕು, ಎಂಗ್ ಮೇಯ್ತವೆ ಅಂತ. ನಮ್ ಕಾಯ್ಲೆನೂ ಹಂಗೇಯ. ಕೂತದೆ, ಸತ್ತಿಲ್ಲ."

ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ, ಆ ಹೊತ್ತಿಗೆ ಸಾಕುವವರು ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಆದರೆ ಹುಳದ ಹಾಸಿಗೆ ಒದ್ದೆಯಾಗದಂತೆ ಸುಣ್ಣದ ಪುಡಿ ಉದುರಿಸುತ್ತಾರಂತೆ. "ಕೂತವೆ ಅಂತ ಕೈ ಬಿಡಂಗಿಲ್ಲ, ಸುಣ್ಣ ಹೊಡೀಲೇಬೇಕು. ಈ ಮಾತ್ರೆ ಅನ್ನೋದು ಆ ಸುಣ್ಣ, ಅಲ್ವರಾ?" ಎಂದು ಡಾಕ್ಟರನ್ನೇ ಕೇಳಿದರು.

ಎಂಟು ತಿಂಗಳಿಗೆ ಮಾತ್ರೆ ಬಿಟ್ಟವಳು ನಾನು. ಡಾಕ್ಟರು ನನಗೆ 2021ರಲ್ಲೇ ಇದನ್ನು ಹೇಳಿದ್ದಿರಬೇಕು, ಚೀಟಿಯಲ್ಲಿ ಬರೆದೂ ಇದ್ದಿರಬೇಕು. ನನಗೆ ಅರ್ಥವಾದದ್ದು ಅವತ್ತು. ಅಲ್ಲಿಂದ ಮುಂದೆ ಆ ಹಾಲಿನಲ್ಲಿ ಎಲ್ಲರೂ, ತಮಿಳಿನ ಬ್ಯಾಂಕ್ ಅಧಿಕಾರಿಯೂ ಸೇರಿ, "ಕೂತಿದೆಯಾ, ಎದ್ದಿದೆಯಾ" ಎಂದೇ ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು.

ಮೂರನೆಯದು ಊಟದ್ದು. ಇಂತಿಂಥದ್ದು ತಿನ್ನಿ ವಾಸಿಯಾಗುತ್ತದೆ ಎಂಬ ಒಂದೇ ಪಥ್ಯ ಇಲ್ಲ ಎಂದು ಡಯಟೀಷಿಯನ್ ಮೊದಲಿಗೇ ಹೇಳಿದ್ದು ನನಗೆ ಸಮಾಧಾನ ತಂದಿತು. ನೆಂಟರ ಮಾತು ಕೇಳಿ ನಾನು ಹಾಲು, ಗೋಧಿ, ಬೇಳೆ, ಹುಳಿ ಎಲ್ಲ ಬಿಟ್ಟು ಹನ್ನೊಂದು ಕೆ.ಜಿ. ಇಳಿದಿದ್ದೆ. ರೋಗ ಎದ್ದಾಗ ನಾರು ಕಡಿಮೆ ಇರುವುದು: ಮೆತ್ತನೆ ಅನ್ನ, ಗಂಜಿ, ಮೊಸರು, ಬಾಳೆಹಣ್ಣು, ಸಿಪ್ಪೆ ಬೀಜ ತೆಗೆದು ಬೇಯಿಸಿದ ತರಕಾರಿ, ಮೊಟ್ಟೆ. ಕೂತಾಗ ಎಂದಿನ ಊಟ. ಯಜಮಾನರ ಪ್ರಶ್ನೆ ಒಂದೇ, ಮುದ್ದೆ. ಎದ್ದಾಗ ಸ್ವಲ್ಪ ದಿನ ಬಿಡಿ, ಕೂತ ಮೇಲೆ ರಾಗಿ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜರಡಿಯಾಡಿಸಿ ಅರ್ಧ ಮುದ್ದೆಯಿಂದ ಶುರುಮಾಡಿ ಎಂದರು. ಅವರ ಮುಖ ನೋಡಬೇಕಿತ್ತು. ಎರಡು ವಾರ ತಿಂದದ್ದು, ಆದದ್ದು ಬರೆದಿಡಿ ಎಂದು ಒಂದು ಪುಸ್ತಕ ಕೊಟ್ಟರು. ನನ್ನದರಲ್ಲಿ ಕಂಡದ್ದು: ಮೊಸರು ತೊಂದರೆಯಿಲ್ಲ, ಲೋಟದಷ್ಟು ಹಾಲು ಕುಡಿದರೆ ಹೊಟ್ಟೆ ಗುಡುಗುಡು. ನಿಮ್ಮದು ಬೇರೆಯೇ ಇರಬಹುದು, ಹಾಗಾಗಿ ನನ್ನ ಪಟ್ಟಿ ಬರೆಯುವುದಿಲ್ಲ.

ನಾಲ್ಕನೇ ಶನಿವಾರ ಬೆಳಗಿನ ರೈಲಿಗೆ ಹೋದರೆ ಹಾಲಿಗೆ ಬೀಗ. ತರಗತಿ ಮುಂದಕ್ಕೆ ಹಾಕಿದ್ದರು, ಸಂದೇಶ ನನ್ನ ಹಳೇ ನಂಬರಿಗೆ ಹೋಗಿತ್ತು. ಜೂನಿನಲ್ಲಿ ಶಾಲೆ ಶುರುವಾಗಿತ್ತು, ರಜೆ ಹಾಕಿ ಹೋಗಿದ್ದೆ. ಕಣ್ಣಲ್ಲಿ ನೀರು ಬಂತು. ಹೆಸರು ಬರೆಸುವಾಗ ನಂಬರ್ ಸರಿಯಿದೆಯೇ ಎಂದು ಎರಡು ಸಲ ನೋಡಿ, ಹಿಂದಿನ ದಿನ ಒಂದು ಫೋನ್ ಮಾಡಿ.

ಆ ವ್ಯರ್ಥ ಶನಿವಾರದಿಂದ ಇನ್ನೊಂದು ಕೆಲಸವಾಯಿತು. ಮತ್ತೊಂದು ರಜೆಗೆ ಮುಖ್ಯೋಪಾಧ್ಯಾಯರ ಹತ್ತಿರ ಹೋಗಲೇಬೇಕಾಯಿತು. "ಪದೇ ಪದೇ ಶನಿವಾರ ರಜೆ ಯಾಕೆ ಮೇಡಂ?" ಎಂದರು. ಯಜಮಾನರನ್ನು ನೆನೆದುಕೊಂಡು ಹೇಳಿದೆ. "ಸಾರ್, ನನಗೆ ದೊಡ್ಡ ಕರುಳಲ್ಲಿ ಹುಣ್ಣಿನ ಕಾಯಿಲೆ ಇದೆ. ಎದ್ದಾಗ ರಕ್ತ ಹೋಗುತ್ತೆ, ಅವಸರ ಬಂದರೆ ಎರಡು ನಿಮಿಷ ತಡೆಯೋಕಾಗಲ್ಲ. ಅಂಟುರೋಗ ಅಲ್ಲ. ಅದನ್ನ ಹದ್ದುಬಸ್ತಲ್ಲಿಡೋಕೆ ಕಲಿಯೋಕೆ ಹೋಗ್ತಿದ್ದೀನಿ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರನೇ ಸೋಮವಾರ ನನ್ನ ತರಗತಿಗಳನ್ನೆಲ್ಲ ಕೆಳಗಿನ ಮಹಡಿಗೆ, ಸ್ಟಾಫ್ ಶೌಚಾಲಯದ ಪಕ್ಕದ ಕೋಣೆಗೆ ಬದಲಾಯಿಸಿ ವೇಳಾಪಟ್ಟಿ ಅಂಟಿಸಿದ್ದರು.

ಮುಂದೂಡಿದ ನಾಲ್ಕನೇ ತರಗತಿ ಮನಸ್ಸು, ಮನೆ, ಕೆಲಸದ್ದು. ಅಲ್ಲಿ ಬೇರೆಯವರು ಹೇಳಿಕೊಂಡದ್ದನ್ನು ಇಲ್ಲಿ ಬರೆಯುವುದು ಸರಿಯಲ್ಲ. ಎಲ್ಲರಿಗೂ ಬೇಕಾದ ಒಂದು ವಿಷಯ ಮಾತ್ರ: ಮಗು ಬೇಕೆನ್ನುವವರು ರೋಗ ಕೂತಿರುವ ಕಾಲ ನೋಡಿ, ಡಾಕ್ಟರಿಗೆ ಮೊದಲೇ ತಿಳಿಸಿ ಯೋಜನೆ ಮಾಡಿಕೊಳ್ಳಬೇಕು. ಹೆದರಿ ತಾವೇ ಮಾತ್ರೆ ನಿಲ್ಲಿಸುವುದು ಅಪಾಯ. ಮೆಥೊಟ್ರೆಕ್ಸೇಟ್‌ನಂಥ ಕೆಲವನ್ನು ಮಾತ್ರ ಮುಂಚೆಯೇ ಬಿಡಿಸುತ್ತಾರೆ.

ಕೊನೆಯ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಹಾಳೆ ತುಂಬಿಸಿದರು, ಎದ್ದರೆ ಏನು ಮಾಡಬೇಕೆಂದು. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರವೋ, ನಾಡಿಬಡಿತ 90ರ ಮೇಲೋ ಇದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ. ಅಂಥ ಹೊತ್ತಿನಲ್ಲಿ ಭೇದಿ ನಿಲ್ಲಿಸುವ ಮಾತ್ರೆಯನ್ನು ಸ್ವಂತಕ್ಕೆ ನುಂಗಬಾರದು, ಕರುಳು ಉಬ್ಬಿಕೊಂಡು ಜೀವಕ್ಕೇ ಕುತ್ತಾಗಬಹುದು. ಕಾಯಿಲೆ ಶುರುವಾಗಿ ಎಂಟು ವರ್ಷವಾದ ಮೇಲೆ ಕ್ಯಾನ್ಸರ್ ಇಲ್ಲವೆಂದು ನೋಡಲು ಕೊಲೊನೋಸ್ಕೋಪಿ ಮಾಡಿಸುತ್ತಿರಬೇಕು, ನನಗೆ 2027. ವಿಮೆ ಬಗ್ಗೆ ಹೇಳಿದ್ದು: ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ 2024ರ ಹೊಸ ನಿಯಮದಂತೆ ಹೆಚ್ಚೆಂದರೆ 36 ತಿಂಗಳು, ಮೊದಲು 48 ಇತ್ತು. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಖರ್ಚು ಕೇಳುವವರಿಗೆ: ತರಗತಿಯ ಶುಲ್ಕ ಐದಕ್ಕೂ ಸೇರಿ 500 ರೂಪಾಯಿ. ಪರೀಕ್ಷೆಗಳಿಗೆ ಎರಡು ಸಲ ಸೇರಿ ಏಳು ಸಾವಿರದ ಹತ್ತಿರ. ಮಾತ್ರೆಗೆ ತಿಂಗಳಿಗೆ ಸುಮಾರು 2,600, ಎನಿಮಾ ಇದ್ದ ತಿಂಗಳು ಇನ್ನೂ ಹೆಚ್ಚು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ತರುತ್ತೇನೆ, ಅಲ್ಲಿ ತುಂಬ ಅಗ್ಗ. ಎರಡನೇ ಸಲದ ಕ್ಯಾಲ್ಪ್ರೊಟೆಕ್ಟಿನ್ 86 ಬಂದಿದೆ.

ತರಗತಿಯ ಟಿಪ್ಪಣಿಯನ್ನು ನಾಲ್ಕು ಪುಟಕ್ಕೆ ಕನ್ನಡದಲ್ಲಿ ಬರೆದು ನರ್ಸ್ ಕೈಗೆ ಕೊಟ್ಟಿದ್ದೇನೆ, ಡಾಕ್ಟರು ತಿದ್ದುತ್ತಿದ್ದಾರೆ. ಮುಂದಿನ ತಂಡದ ಮೊದಲ ದಿನ ಬಂದು ಓದಿ ಹೇಳುತ್ತೀರಾ ಎಂದು ಕೇಳಿದ್ದಾರೆ, ಒಪ್ಪಿಕೊಂಡಿದ್ದೇನೆ. ಆ ಪುಟಗಳಲ್ಲಿ 'ಶಮನ' ಎಂಬ ಪದ ಇಲ್ಲ.

ಮೊನ್ನೆ ಸಂಜೆ ಯಜಮಾನರು ಫೋನ್ ಮಾಡಿದ್ದರು. ಗೂಡಿಗೆ ಒಳ್ಳೇ ರೇಟು ಸಿಕ್ಕಿತಂತೆ, ಅರ್ಧ ಮುದ್ದೆ ಉಂಡರಂತೆ.

"ಹೇಗಿದೆ ಯಜಮಾನ್ರೇ?"

"ಕೂತದೆ ಟೀಚರಮ್ಮ."

"ಸುಣ್ಣ?"

"ಹೊಡೀತಾವ್ನಿ. ದಿವ್ಸಾ ಬೆಳಗ್ಗೆ, ನಿಮ್ದು?"

"ಈಗಷ್ಟೇ ನುಂಗಿದೆ" ಎಂದೆ.